ಕ್ವಾಲಿಸ್‌ನಿಂದ ಕ್ರಿಸ್ಟಾವರೆಗೆ: 92 ಮಿಲಿಮೀಟರ್‌ನ ಕತೆ

ಗವಿಪುರದ ಯಾವ ಅಡ್ಡರಸ್ತೆಗೆ ಹೋದರೂ ಒಂದಾದರೂ ಇನ್ನೋವಾ ನಿಂತಿರುತ್ತೆ. ಬಿಳಿ ಬಣ್ಣ, ಹಿಂದಿನ ಗಾಜಿನ ಮೇಲೆ ಮನೆದೇವರ ಹೆಸರು, ಬಂಪರ್‌ಗೆ ಕಟ್ಟಿದ ನಿಂಬೆಹಣ್ಣು ಮೆಣಸಿನಕಾಯಿ. ಧರ್ಮಸ್ಥಳ, ತಿರುಪತಿ, ಮಂತ್ರಾಲಯ ಅಂತ ತಿರುಗಿ ತಿರುಗಿ ಮೀಟರ್ ಲಕ್ಷಗಟ್ಟಲೆ ತೋರಿಸ್ತಿರೋ ಗಾಡಿಗಳು. ಗವಿ ಗಂಗಾಧರೇಶ್ವರನ ಗುಡಿ ಬಗ್ಗೆ, ಸಂಕ್ರಾಂತಿಯ ಸೂರ್ಯಕಿರಣದ ಬಗ್ಗೆ, ಕೆಂಪಾಂಬುಧಿ ಕೆರೆ ಬಗ್ಗೆ ಬೇಕಾದಷ್ಟು ಜನ ಬರೆದಿದ್ದಾರೆ, ಚೆನ್ನಾಗೇ ಬರೆದಿದ್ದಾರೆ. ನಾನು ಈ ಸಲ ಗುಡಿಯ ಹೊರಗೆ ನಿಂತಿರೋ ಗಾಡಿಯ ಬಾನೆಟ್ ಎತ್ತಿ ನೋಡೋಣ ಅಂದ್ಕೊಂಡೆ. ಚರಿತ್ರೆ ಅಂದ್ರೆ ಶಾಸನ, ಕೋಟೆ, ರಾಜರೇ ಆಗಬೇಕು ಅಂತೇನಿಲ್ಲವಲ್ಲ!

ಅದರಲ್ಲೂ ಟರ್ಬೊ ಡೀಸೆಲ್ ಎಂಜಿನ್ನಿನ ಚರಿತ್ರೆಗೆ ನಾವು ದೂರ ಹೋಗಬೇಕಾಗಿಲ್ಲ. ಗವಿಪುರದಿಂದ ಪೂರ್ವಕ್ಕೆ ಲಾಲ್‌ಬಾಗ್ ದಾಟಿ ಹೋದರೆ ಆಡುಗೋಡಿ. ನೈಋತ್ಯಕ್ಕೆ ಮೈಸೂರು ರಸ್ತೆಯಲ್ಲಿ ಹೋದರೆ ಬಿಡದಿ. ದಕ್ಷಿಣಕ್ಕೆ ಬನ್ನೇರುಘಟ್ಟದ ಕಡೆ ತಿರುಗಿದರೆ ಜಿಗಣಿ. ಈ ಮೂರು ಊರುಗಳನ್ನು ಒಂದಾದ ಮೇಲೆ ಒಂದು ನೋಡುತ್ತಾ ಹೋದರೆ ಅರ್ಧ ಶತಮಾನಕ್ಕೂ ಮೀರಿದ ಕತೆ ಸಿಕ್ಕಿಬಿಡುತ್ತೆ.

ಮೊದಲು ಆಡುಗೋಡಿ

ರುಡಾಲ್ಫ್ ಡೀಸೆಲ್ ಎಂಬ ಜರ್ಮನ್ ಎಂಜಿನಿಯರ್ ತನ್ನ ಎಂಜಿನ್ ಸರಿಯಾಗಿ ಓಡುತ್ತೆ ಅಂತ ತೋರಿಸಿದ್ದು 1897ರಲ್ಲಿ. ಗಾಳಿಯನ್ನು ಬಿಗಿಯಾಗಿ ಒತ್ತಿದರೆ ಅದು ಎಷ್ಟು ಬಿಸಿಯಾಗುತ್ತೆ ಅಂದರೆ, ಅದರೊಳಗೆ ಎಣ್ಣೆ ಸಿಂಪಡಿಸಿದ ಕೂಡಲೇ ತಾನಾಗಿ ಹೊತ್ತಿಕೊಳ್ಳುತ್ತೆ. ಕಿಡಿ ಬೇಡ, ಸ್ಪಾರ್ಕ್ ಪ್ಲಗ್ ಬೇಡ. ಕೇಳೋಕೆ ಸುಲಭ. ಕಷ್ಟ ಇರೋದು ಆ "ಸಿಂಪಡಿಸೋದು" ಅನ್ನೋ ಒಂದು ಪದದಲ್ಲಿ. ಹನಿಗಿಂತ ಕಡಿಮೆ ಎಣ್ಣೆಯನ್ನು, ಸರಿಯಾದ ಕ್ಷಣಕ್ಕೆ, ಮಂಜಿನ ಹಾಗೆ, ನಿಮಿಷಕ್ಕೆ ಸಾವಿರಾರು ಸಲ ಒಳಗೆ ಕಳಿಸಬೇಕು. ಇದನ್ನು ಮಾಡೋ ಪಂಪನ್ನು ರಾಬರ್ಟ್ ಬಾಷ್ ಕಂಪನಿ 1927ರಲ್ಲಿ ದೊಡ್ಡ ಪ್ರಮಾಣದಲ್ಲಿ ತಯಾರಿಸೋಕೆ ಶುರು ಮಾಡಿದ ಮೇಲೇ ಡೀಸೆಲ್ ಎಂಜಿನ್ ಕಾರಿನೊಳಗೆ ಕೂರುವಷ್ಟು ಚಿಕ್ಕದಾಯಿತು. ಮರ್ಸಿಡಿಸ್‌ನ 260 ಡಿ ಕಾರು ಬಂದದ್ದು 1936ರಲ್ಲಿ.

ಅದೇ ಬಾಷ್ ನಮ್ಮ ದೇಶದಲ್ಲಿ 1951ರಲ್ಲಿ ಮೈಕೋ ಆಯಿತು. ಮೋಟಾರ್ ಇಂಡಸ್ಟ್ರೀಸ್ ಕಂಪನಿ ಅನ್ನೋದು ಪೂರ್ತಿ ಹೆಸರು, ಆದರೆ ಹಾಗೆ ಕರೆದವರನ್ನು ನಾನಂತೂ ನೋಡಿಲ್ಲ. ಹಳೇ ಬೆಂಗಳೂರಿಗರಿಗೆ ಎಚ್‌ಎಂಟಿ, ಎಚ್‌ಎಎಲ್, ಐಟಿಐ ಹೇಗೋ ಮೈಕೋನೂ ಹಾಗೆ. "ಹುಡುಗ ಮೈಕೋದಲ್ಲಿದ್ದಾನೆ" ಅಂದರೆ ಸಾಕು, ಹೆಣ್ಣಿನ ಕಡೆಯವರು ಮುಂದಿನ ಪ್ರಶ್ನೆ ಕೇಳ್ತಿರಲಿಲ್ಲ! ಆಡುಗೋಡಿಯ ಆ ಕಾರ್ಖಾನೆಯಲ್ಲಿ ತಯಾರಾದ ಪಂಪು, ನಾಜಲ್‌ಗಳು ದೇಶದ ಲಾರಿ, ಬಸ್ಸು, ಟ್ರಾಕ್ಟರುಗಳಿಗೆಲ್ಲ ಹೋದವು. ನಮ್ಮ ಮೆಕ್ಯಾನಿಕ್‌ಗಳ ಬಾಯಲ್ಲಿ "ಮೈಕೋ ನಾಜಲ್" ಅನ್ನೋದು ಒಂದೇ ಪದ. ಜೆ.ಸಿ. ರೋಡ್, ಕಲಾಸಿಪಾಳ್ಯದ ಕಡೆ ಡೀಸೆಲ್ ಪಂಪ್ ರಿಪೇರಿಯ ಕಸುಬು ಬೆಳೆದದ್ದು ಈ ಪಂಪುಗಳ ಮೇಲೇ. ನಾಜಲನ್ನು ಬಿಚ್ಚಿ, ಕೈಪಂಪಿನ ಟೆಸ್ಟರ್‌ಗೆ ಹಾಕಿ ಒತ್ತಿದರೆ ಎಣ್ಣೆ ಮಂಜಾಗಿ ಬರುತ್ತೋ ಹನಿಯಾಗಿ ತೊಟ್ಟಿಕ್ಕುತ್ತೋ ಅಂತ ಕಣ್ಣಲ್ಲೇ ನೋಡಿ ಹೇಳೋ ಜನ ಅವರು.

ಕಂಪನಿಯ ಹೆಸರು 2008ರಲ್ಲಿ ಬಾಷ್ ಲಿಮಿಟೆಡ್ ಆಯಿತು. ತಯಾರಿಕೆ ಬಿಡದಿಗೆ ಹೋಯಿತು, ಆಡುಗೋಡಿಯ ಜಾಗದಲ್ಲಿ 2022ರಲ್ಲಿ ಗಾಜಿನ ಹೊಸ ಕ್ಯಾಂಪಸ್ ಉದ್ಘಾಟನೆಯಾಯಿತು. ಬಿಟಿಎಂ ಪಕ್ಕದ ಮೈಕೋ ಲೇಔಟ್ ಮಾತ್ರ ಹಳೇ ಹೆಸರನ್ನು ಇಟ್ಟುಕೊಂಡಿದೆ.

ಮಗ್ಗದವರೂ ನೇಗಿಲಿನವರೂ

ಟೊಯೋಟಾ ಅನ್ನೋದು ಮೂಲದಲ್ಲಿ ಮಗ್ಗದ ಕಂಪನಿ. ಸಾಕಿಚಿ ಟೊಯೋಡಾ ತನ್ನ ಸ್ವಯಂಚಾಲಿತ ಮಗ್ಗಗಳಿಗಾಗಿ 1926ರಲ್ಲಿ ಕಟ್ಟಿದ ಸಂಸ್ಥೆಯೊಳಗೇ ಕಾರಿನ ವಿಭಾಗ ಹುಟ್ಟಿ, 1937ರಲ್ಲಿ ಬೇರೆ ಕಂಪನಿಯಾಯಿತು. ಇತ್ತ ಕಿರ್ಲೋಸ್ಕರ್ ಕತೆಯೂ ಅಷ್ಟೇ ಸೊಗಸು. ಲಕ್ಷ್ಮಣರಾವ್ ಕಿರ್ಲೋಸ್ಕರ್ ಹುಟ್ಟಿದ್ದು 1869ರಲ್ಲಿ, ನಮ್ಮ ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ. ಬೆಳಗಾವಿಯಲ್ಲಿ ಸೈಕಲ್ ಅಂಗಡಿ ಇಟ್ಟು, ಆಮೇಲೆ ಕಬ್ಬಿಣದ ನೇಗಿಲು ಮಾಡಿದವರು. ಹರಿಹರದ ಮೈಸೂರು ಕಿರ್ಲೋಸ್ಕರ್ 1941ರದ್ದು. ಹಳ್ಳಿಯಲ್ಲಿ ತೋಟ ಇದ್ದವರಿಗೆ ಕಿರ್ಲೋಸ್ಕರ್ ಡೀಸೆಲ್ ಪಂಪ್‌ಸೆಟ್ಟಿನ ಸದ್ದು ಗೊತ್ತಿಲ್ಲದೇ ಇರೋದಿಲ್ಲ.

ಈ ಇಬ್ಬರೂ ಬೆಂಗಳೂರಿನ ಹತ್ತಿರ ಒಟ್ಟು ಸೇರಿದ್ದು ಮೊದಲು ಕಾರಿಗಲ್ಲ, ಜವಳಿ ಯಂತ್ರಗಳಿಗೆ! 1995ರಲ್ಲಿ ಜಿಗಣಿಯಲ್ಲಿ. ಎರಡು ವರ್ಷದ ಮೇಲೆ, 1997ರಲ್ಲಿ, ಟೊಯೋಟಾ ಕಿರ್ಲೋಸ್ಕರ್ ಮೋಟಾರ್ ಆಯಿತು. ಬಿಡದಿಯಲ್ಲಿ 1999ರ ಕೊನೆಗೆ ತಯಾರಿಕೆ ಶುರುವಾಗಿ, 2000ದ ಜನವರಿಯಲ್ಲಿ ಕ್ವಾಲಿಸ್ ಮಾರುಕಟ್ಟೆಗೆ ಬಂತು.

ನೋಡೋಕೆ ಡಬ್ಬದ ಹಾಗಿದೆ ಅಂತ ಪೇಪರಿನವರು ನಕ್ಕರು. ಜನ ಮಾತ್ರ ತಗೊಂಡರು. ರಾತ್ರಿ ಪಾಳಿಯ ಕಾಲ್ ಸೆಂಟರ್ ಹುಡುಗರನ್ನು ಮನೆಯಿಂದ ಕರೆದುಕೊಂಡು ಹೋಗಿ ಬೆಳಗಿನ ಜಾವ ತಂದು ಬಿಡುತ್ತಿದ್ದ ಗಾಡಿ ಅಂದರೆ ಆ ಕಾಲಕ್ಕೆ ಕ್ವಾಲಿಸ್ ಅಥವಾ ಸುಮೋ. ಬೆಂಗಳೂರಿನ ಐಟಿ ಚರಿತ್ರೆ ಬರೆಯುವವರು ಒಂದು ಪುಟ ಕ್ವಾಲಿಸ್‌ಗೂ ಕೊಡಬೇಕು ಅಂತ ನನ್ನ ಅಭಿಪ್ರಾಯ.

92 ಅನ್ನೋ ಅಂಕಿ

ಈಗ ಅಂಕಿಗಳಿಗೆ ಬರೋಣ. ಹೆದರಬೇಡಿ, ಕೂಡೋದು ಭಾಗಿಸೋದು ಅಷ್ಟೇ.

ಕ್ವಾಲಿಸ್ ಡೀಸೆಲ್ ಎಂಜಿನ್ನಿಗೆ ನಾಲ್ಕು ಸಿಲಿಂಡರ್. ಬೋರ್, ಅಂದರೆ ಸಿಲಿಂಡರಿನ ಅಡ್ಡಳತೆ, 92 ಮಿಲಿಮೀಟರ್. ಪಿಸ್ಟನ್ ಏರಿಳಿಯೋ ದೂರ, ಅಂದರೆ ಸ್ಟ್ರೋಕ್, ಅದೂ 92. ಒಟ್ಟು 2446 ಸಿಸಿ. ಶಕ್ತಿ 75 ಕುದುರೆ. ಟರ್ಬೊ ಇಲ್ಲ.

2005ರಲ್ಲಿ ಕ್ವಾಲಿಸ್ ನಿಂತು ಇನ್ನೋವಾ ಬಂತು. ಅದರ ಡಿ-4ಡಿ ಎಂಜಿನ್‌ಗೆ ಕಂಪನಿಯ ಹೆಸರು 2ಕೆಡಿ. ಬೋರ್ ಮತ್ತೆ 92! ಸ್ಟ್ರೋಕ್ 93.8. ಒಟ್ಟು 2494 ಸಿಸಿ. ಶಕ್ತಿ 102 ಕುದುರೆ, ಟಾರ್ಕ್ 200 ನ್ಯೂಟನ್ ಮೀಟರ್, ಅದೂ 1400 ಸುತ್ತಿನಿಂದಲೇ.

2016ರಲ್ಲಿ ಇನ್ನೋವಾ ಕ್ರಿಸ್ಟಾ. ಎಂಜಿನ್ 2ಜಿಡಿ. ಬೋರ್ ಎಷ್ಟು ಹೇಳಿ? 92! ಸ್ಟ್ರೋಕ್ 90. ಒಟ್ಟು 2393 ಸಿಸಿ, ಕ್ವಾಲಿಸ್‌ಗಿಂತ ಕಡಿಮೆ. ಶಕ್ತಿ ಮಾತ್ರ 150 ಕುದುರೆ, ಟಾರ್ಕ್ 343. (ಅದೇ ಕಾಲದ 2.8 ಲೀಟರಿನ ಅಣ್ಣನಿಗೂ ಬೋರ್ 92. ಸ್ಟ್ರೋಕ್ ಉದ್ದ ಮಾಡಿ 2755 ಸಿಸಿ ಮಾಡಿದ್ದಾರೆ.)

ಇವು ಬೇರೆ ಬೇರೆ ಎಂಜಿನ್‌ಗಳು, ಒಂದೇ ಬ್ಲಾಕನ್ನು ತಿದ್ದಿ ತೀಡಿ ಮಾಡಿದ್ದಲ್ಲ. ಆದರೂ ಹೋಲಿಸಿ ನೋಡಿ. ಕ್ವಾಲಿಸ್‌ನಲ್ಲಿ ಲೀಟರಿಗೆ ಸುಮಾರು 31 ಕುದುರೆ, ಇನ್ನೋವಾದಲ್ಲಿ 41, ಕ್ರಿಸ್ಟಾದಲ್ಲಿ 63. ಪಾತ್ರೆ ಅಷ್ಟೇ, ಅಡುಗೆ ಎರಡರಷ್ಟು. ಹಾಗಾದರೆ ಆ ಹೆಚ್ಚಿನ ಕುದುರೆಗಳು ಎಲ್ಲಿಂದ ಬಂದವು? ಇದಕ್ಕೆ ಉತ್ತರ ಗೊತ್ತಾದರೆ ಈ ಎಂಜಿನ್‌ಗಳು ಯಾಕೆ ಹಾಳಾಗುತ್ತವೆ, ಹೇಗೆ ನೋಡಿಕೊಳ್ಳಬೇಕು ಅನ್ನೋದೂ ಗೊತ್ತಾಗುತ್ತೆ.

ಒಂದು, ಗಾಳಿ. ಡೀಸೆಲ್ ಎಂಜಿನ್‌ನಲ್ಲಿ ಆಕ್ಸಿಲರೇಟರ್ ಒತ್ತಿದರೆ ಹೆಚ್ಚು ಡೀಸೆಲ್ ಹೋಗುತ್ತೆ. ಆದರೆ ಅದನ್ನು ಉರಿಸೋಕೆ ಬೇಕಾದಷ್ಟು ಗಾಳಿ ಇಲ್ಲದಿದ್ದರೆ ಬರೋದು ಶಕ್ತಿಯಲ್ಲ, ಕರೀ ಹೊಗೆ. ಟರ್ಬೊ ಇಲ್ಲದ ಎಂಜಿನ್ ಪಿಸ್ಟನ್ ಎಳೆದಷ್ಟೇ ಗಾಳಿ ಕುಡಿಯುತ್ತೆ. ಟರ್ಬೊ ಅನ್ನೋದು ಹೊರಗೆ ಹೋಗೋ ಹೊಗೆಯ ರಭಸದಿಂದಲೇ ತಿರುಗೋ ಒಂದು ಗಿರಿಗಿಟ್ಟಲೆ. ಅದೇ ದಂಡದ ಇನ್ನೊಂದು ತುದಿಯ ಚಕ್ರ ಹೊರಗಿನ ಗಾಳಿಯನ್ನು ಒತ್ತಿ ಒತ್ತಿ ಒಳಗೆ ತುರುಕುತ್ತೆ. ಆಲ್ಫ್ರೆಡ್ ಬ್ಯೂಚಿ ಎಂಬ ಸ್ವಿಸ್ ಎಂಜಿನಿಯರ್ 1905ರಲ್ಲೇ ಇದಕ್ಕೆ ಪೇಟೆಂಟ್ ತಗೊಂಡಿದ್ದ. ಟರ್ಬೊ ಡೀಸೆಲ್ ಕಾರು ಮಾರಾಟಕ್ಕೆ ಬಂದದ್ದು ಮಾತ್ರ 1978ರಲ್ಲಿ, ಮರ್ಸಿಡಿಸ್ 300 ಎಸ್‌ಡಿ. ನಮ್ಮ ಮೊದಲ ಇನ್ನೋವಾದ್ದು ಸರಳ ಟರ್ಬೊ, ಒತ್ತಿದ ಗಾಳಿಯನ್ನು ತಣ್ಣಗೆ ಮಾಡೋ ಇಂಟರ್‌ಕೂಲರ್ ಕೂಡ ಇರಲಿಲ್ಲ. ಕ್ರಿಸ್ಟಾಗೆ ಇಂಟರ್‌ಕೂಲರ್ ಬಂತು, ಟರ್ಬೊದೊಳಗಿನ ರೆಕ್ಕೆಗಳು ಬೇಕಾದ ಹಾಗೆ ಓರೆಯಾಗೋ ವ್ಯವಸ್ಥೆಯೂ ಬಂತು.

ಎರಡು, ಒತ್ತಡ. ಕ್ವಾಲಿಸ್‌ನ ನಾಜಲ್ ತೆರೆಯೋದು ನೂರು ಚಿಲ್ಲರೆ ಬಾರ್ ಒತ್ತಡಕ್ಕೆ. ಡೀಸೆಲ್ ಬೀಳೋದು ನೇರವಾಗಿ ಸಿಲಿಂಡರಿಗಲ್ಲ, ಹೆಡ್‌ನಲ್ಲಿರೋ ಒಂದು ಪುಟ್ಟ ಕೋಣೆಗೆ. ಇನ್ನೋವಾದ್ದು ಕಾಮನ್ ರೈಲ್. ಪಂಪು ಒಂದು ದಪ್ಪ ಪೈಪಿನಲ್ಲಿ ಸಾವಿರ ಬಾರ್‌ಗೂ ಮೀರಿದ ಒತ್ತಡದಲ್ಲಿ ಡೀಸೆಲ್ ತುಂಬಿಟ್ಟಿರುತ್ತೆ, ಯಾವ ಕ್ಷಣಕ್ಕೆ ಎಷ್ಟು ಬಿಡಬೇಕು ಅಂತ ಕಂಪ್ಯೂಟರ್ ಹೇಳುತ್ತೆ. ಒಂದೇ ಸಲ ಸುರಿಯೋ ಬದಲು ಮೊದಲು ಚೂರು, ಆಮೇಲೆ ಉಳಿದದ್ದು. ಅದಕ್ಕೇ ಹಳೇ ಡೀಸೆಲ್ಲಿನ ಡಗ ಡಗ ಸದ್ದು ಕಡಿಮೆಯಾಯಿತು. ಅಂದಹಾಗೆ ನಮ್ಮ ದೇಶದಲ್ಲಿ ಟೊಯೋಟಾಗಿಂತ ಮೊದಲೇ ಹ್ಯುಂಡೈ ಕಾಮನ್ ರೈಲ್ ಕಾರು ತಂದಿತ್ತು. 2002ರ ಆಕ್ಸೆಂಟ್ ಸಿಆರ್‌ಡಿಐ.

ಹಾಗಾದರೆ ಹಾಳಾಗೋದು ಯಾಕೆ?

ಹತ್ತು ಪಟ್ಟು ಒತ್ತಡ ಅಂದರೆ ಹತ್ತು ಪಟ್ಟು ಮಡಿ. ಇದು ನಮ್ಮ ಕಡೆಯ ಅಡುಗೆಮನೆ ಭಾಷೆ, ಆದರೆ ಇದಕ್ಕಿಂತ ಚೆನ್ನಾಗಿ ಹೇಳೋಕೆ ಬರಲ್ಲ. ಕಾಮನ್ ರೈಲ್ ಪಂಪಿಗೂ ಇಂಜೆಕ್ಟರಿಗೂ ಬೇರೆ ಎಣ್ಣೆ ಇಲ್ಲ, ಅದರೊಳಗೆ ಹರಿಯೋ ಡೀಸೆಲ್ಲೇ ಅದಕ್ಕೆ ಜಾರುಕ. ಸೀಮೆಎಣ್ಣೆ ಬೆರೆತರೆ ಜಾರುವ ಗುಣ ಹೋಗಿ ಲೋಹಕ್ಕೆ ಲೋಹ ಉಜ್ಜುತ್ತೆ. ನೀರು ಬೆರೆತರೆ ತುಕ್ಕು. ಕಣ್ಣಿಗೆ ಕಾಣದ ದೂಳಿನ ಕಣ ಕೂಡ ಅಲ್ಲಿ ಮರಳು ಕಾಗದ ಇದ್ದ ಹಾಗೆ. ಕ್ವಾಲಿಸ್ ಇದನ್ನೆಲ್ಲ ಹೊಟ್ಟೆಗೆ ಹಾಕಿಕೊಂಡು ಓಡುತ್ತಿತ್ತು. ಇನ್ನೋವಾ ಅಷ್ಟು ಸಹಿಸೋದಿಲ್ಲ. ಡೀಸೆಲ್ ಫಿಲ್ಟರ್ ಬದಲಾಯಿಸೋಕೆ ಜಿಪುಣತನ ಮಾಡಬೇಡಿ ಅನ್ನೋದು ಇದಕ್ಕೇ.

ಕೆಡಿ ಎಂಜಿನ್‌ಗಳ ಇನ್ನೊಂದು ಕಾಯಿಲೆ ಲೋಕಪ್ರಸಿದ್ಧ. ಇಂಜೆಕ್ಟರ್ ಕೂರೋ ಜಾಗದಲ್ಲಿ ಒಂದು ತಾಮ್ರದ ವಾಷರ್ ಇರುತ್ತೆ. ಅದು ಸೋರಿದರೆ ಉರಿದ ಗ್ಯಾಸು ಎಂಜಿನ್ ಆಯಿಲಿನ ಕಡೆ ನುಗ್ಗುತ್ತೆ, ಆಯಿಲು ಟಾರಿನ ಹಾಗೆ ಗಟ್ಟಿಯಾಗುತ್ತೆ, ಚೇಂಬರ್ ತಳದಲ್ಲಿ ಆಯಿಲ್ ಎಳೆಯೋ ಜಾಲರಿ ಕಟ್ಟಿಕೊಳ್ಳುತ್ತೆ. ಆಮೇಲೆ ಟರ್ಬೊ, ಬೇರಿಂಗು, ಕ್ರ್ಯಾಂಕು ಒಂದರ ಹಿಂದೆ ಒಂದು. ಕೆಲವೇ ರೂಪಾಯಿನ ವಾಷರ್, ಕಳೆದುಕೊಳ್ಳೋದು ಇಡೀ ಎಂಜಿನ್. ಬೆಳಿಗ್ಗೆ ತಣ್ಣಗಿದ್ದಾಗ ಸ್ಟಾರ್ಟ್ ಮಾಡಿದರೆ ಟಿಕ್ ಟಿಕ್ ಸದ್ದು, ಬಾನೆಟ್ ಹತ್ತಿರ ಹೊಗೆಯ ವಾಸನೆ, ಆಯಿಲ್ ಮುಚ್ಚಳದ ಒಳಗೆ ಗಟ್ಟಿ ಕಾರ್ಬನ್, ಇವು ಸೂಚನೆ.

ಟರ್ಬೊ ಬಗ್ಗೆ ಒಂದೇ ಮಾತು. ಆ ಪುಟ್ಟ ದಂಡ ಜೋರಾಗಿ ಹೋಗುವಾಗ ನಿಮಿಷಕ್ಕೆ ಲಕ್ಷ ಸುತ್ತಿಗೂ ಮೇಲೆ ತಿರುಗುತ್ತೆ. ಅದನ್ನು ಹಿಡಿದಿರೋದು ಆಯಿಲಿನ ತೆಳು ಪೊರೆ ಅಷ್ಟೇ. ಘಾಟಿ ಹತ್ತಿ ಬಂದ ತಕ್ಷಣ ಕೀ ತಿರುಗಿಸಿ ಆಫ್ ಮಾಡಿದರೆ ಆಯಿಲ್ ನಿಲ್ಲುತ್ತೆ, ಟರ್ಬೊ ಕಾದೇ ಇರುತ್ತೆ, ಒಳಗಿನ ಆಯಿಲ್ ಸುಟ್ಟು ಕರಿಯಾಗುತ್ತೆ. ಒಂದೆರಡು ನಿಮಿಷ ಹಾಗೇ ಓಡಲು ಬಿಟ್ಟು ಆಮೇಲೆ ನಿಲ್ಲಿಸಿದರೆ ಸಾಕು. ಆಯಿಲ್ ಸುಮಾರು ಏಳು ಲೀಟರ್ ಹಿಡಿಯುತ್ತೆ. ಹೇಳಿದ ಕಿಲೋಮೀಟರಿಗೆ, ಹೇಳಿದ ಗ್ರೇಡಿನದ್ದೇ ಹಾಕಿಸಬೇಕು.

ಮತ್ತೆ ಟೈಮಿಂಗ್ ಬೆಲ್ಟ್. ಇನ್ನೋವಾದ 2ಕೆಡಿಯಲ್ಲಿ ಕ್ಯಾಮ್ ತಿರುಗಿಸೋದು ರಬ್ಬರಿನ ಬೆಲ್ಟ್. ತುಂಡಾದರೆ ವಾಲ್ವು ಪಿಸ್ಟನ್ನು ಡಿಕ್ಕಿ ಹೊಡೆದು ಹೆಡ್ಡೇ ಹೋಗುತ್ತೆ. ಗಡುವಿಗೆ ಮುಂಚೆ ಅದು ಯಾವ ಸದ್ದೂ ಮಾಡೋದಿಲ್ಲ, ಅದೇ ಅಪಾಯ. ಕ್ರಿಸ್ಟಾದ ಜಿಡಿ ಎಂಜಿನ್‌ಗೆ ಬೆಲ್ಟ್ ಬಿಟ್ಟು ಚೈನ್ ಹಾಕಿದ್ದು ಮಾಲೀಕರ ಪಾಲಿಗೆ ದೊಡ್ಡ ಬದಲಾವಣೆ.

ನಮ್ಮ ಪಕ್ಕದ ಬೀದಿಯಲ್ಲಿ ಮದುವೆ ಮುಂಜಿಗಳಿಗೆ ಅಡುಗೆ ಹಿಡಿಯೋ ಭಟ್ಟರೊಬ್ಬರಿದ್ದಾರೆ. 2010ರ ಇನ್ನೋವಾ, ನಾಲ್ಕು ಲಕ್ಷ ಕಿಲೋಮೀಟರ್ ದಾಟಿದೆ. ಹಿಂದಿನ ಸೀಟು ಬಿಚ್ಚಿ ಕೊಳದಪ್ಪಲೆ, ಸೌಟು, ಬಾಣಲೆ ತುಂಬಿಕೊಂಡು, ಮಧ್ಯದ ಸೀಟಿನಲ್ಲಿ ನಾಲ್ಕು ಜನ ಅಡುಗೆಯವರನ್ನು ಕೂರಿಸಿಕೊಂಡು ರಾತ್ರಿ ಹೊರಟರೆ ಬೆಳಿಗ್ಗೆ ನಾಲ್ಕಕ್ಕೆ ಛತ್ರದಲ್ಲಿ ಒಲೆ ಹಚ್ಚಬೇಕು. ಗಾಡಿ ಕೈಕೊಟ್ಟರೆ ಮುಹೂರ್ತಕ್ಕೆ ಊಟ ಇಲ್ಲ, ಮುಂದಿನ ಮದುವೆಯೂ ಇಲ್ಲ. ಹದಿನೈದು ವರ್ಷ ತುಂಬಿತು. ಆರ್‌ಸಿ ನವೀಕರಣದ ಶುಲ್ಕ 2022ರ ಏಪ್ರಿಲ್‌ನಲ್ಲಿ 600ರಿಂದ 5,000 ರೂಪಾಯಿಗೆ ಏರಿದೆ, ಜೊತೆಗೆ ಹಸಿರು ತೆರಿಗೆ. ಹೊಸದು ತಗೊಳ್ಳೋಣ ಅಂದರೆ ರೋಡಿಗೆ ಇಳಿಯೋ ಹೊತ್ತಿಗೆ ಇಪ್ಪತ್ತು ಲಕ್ಷ ದಾಟುತ್ತೆ. "ನೋಡಿ ಸಾರ್, ಮಗಳ ಮದುವೆಗೆ ಇಟ್ಟಿರೋ ದುಡ್ಡು ಅದು. ಗಾಡಿಗೆ ಹಾಕಲೋ ಮಗಳಿಗೆ ಹಾಕಲೋ ಹೇಳಿ" ಅಂದರು. ಊರಿಗೆಲ್ಲ ಮದುವೆ ಊಟ ಹಾಕಿದವರ ಬಾಯಲ್ಲಿ ಆ ಮಾತು ಕೇಳಿ ನಾನೇನು ಹೇಳಲಿ?

ಕೊನೆಗೆ ಅವರು ಮಾಡಿದ್ದು ಲೆಕ್ಕದ ಕೆಲಸ. ಜೆ.ಸಿ. ರೋಡಿನ ಕಡೆ ಡೀಸೆಲ್ ಕೆಲಸ ಕಲಿತ, ಈಗ ಸ್ಕ್ಯಾನರ್ ಕೂಡ ಇಟ್ಟುಕೊಂಡಿರೋ ಒಬ್ಬ ಹಳೇ ಮೆಕ್ಯಾನಿಕ್ ಹತ್ತಿರ ಗಾಡಿ ಬಿಟ್ಟರು. ನಾಲ್ಕೂ ಇಂಜೆಕ್ಟರ್ ಬಿಚ್ಚಿ ಟೆಸ್ಟ್ ಮಾಡಿದರು, ಎರಡು ಮಾತ್ರ ಹೋಗಿತ್ತು. ವಾಷರ್‌ಗಳೆಲ್ಲ ಹೊಸದು. ಚೇಂಬರ್ ಇಳಿಸಿ ಜಾಲರಿ ತೊಳೆದರು. ಬೆಲ್ಟ್, ಟೆನ್ಷನರ್ ಬದಲಾಯಿಸಿದರು. ಕಂಪ್ರೆಷನ್ ನೋಡಿದರೆ ನಾಲ್ಕೂ ಸಿಲಿಂಡರ್ ಸರಿಸಮ ಇತ್ತು. ಆಮೇಲೇ ಎಫ್‌ಸಿ. ಬೋರ್ ಸವೆದಿದ್ದರೆ ಮಾರಿಬಿಡ್ತಿದ್ದೆ ಅಂದರು ಭಟ್ಟರು. ಸವೆದಿರಲಿಲ್ಲ. ಹಳೇ ಗಾಡಿ ಇಟ್ಟುಕೊಳ್ಳೋದಾ ಬೇಡವಾ ಅನ್ನೋರಿಗೆ ನಾನು ಹೇಳೋದೂ ಇಷ್ಟೇ. ಮೀಟರ್ ನೋಡಬೇಡಿ, ಕಂಪ್ರೆಷನ್ ನೋಡಿ.

ದೆಹಲಿ, ಜಿಗಣಿ ಮತ್ತು ಗಂಧಕ

ಡೀಸೆಲ್ ಕಾರುಗಳ ಭರಾಟೆಗೆ ಕಾರಣ ಎಂಜಿನ್ನಿನ ಗುಣ ಒಂದೇ ಅಲ್ಲ, ಬೆಲೆ. 2012ರ ಮೇ ತಿಂಗಳಲ್ಲಿ ದೆಹಲಿಯಲ್ಲಿ ಪೆಟ್ರೋಲ್ ಲೀಟರಿಗೆ 73 ರೂಪಾಯಿ, ಡೀಸೆಲ್ 41 ರೂಪಾಯಿ ಆಸುಪಾಸು ಇತ್ತು. ಲಾರಿಗೆ, ರೈತನ ಪಂಪ್‌ಸೆಟ್ಟಿಗೆ ಅಂತ ಕೊಟ್ಟ ಸಬ್ಸಿಡಿಯಲ್ಲಿ ನಾವು ಕಾರು ಓಡಿಸಿದೆವು! 2014ರ ಅಕ್ಟೋಬರ್‌ನಲ್ಲಿ ಡೀಸೆಲ್ ಬೆಲೆಯನ್ನು ಮಾರುಕಟ್ಟೆಗೆ ಬಿಟ್ಟರು. 2020ರ ಜೂನ್‌ನಲ್ಲಿ ದೆಹಲಿಯಲ್ಲಿ ಡೀಸೆಲ್ಲೇ ಪೆಟ್ರೋಲಿಗಿಂತ ದುಬಾರಿಯಾಗಿತ್ತು.

ಇನ್ನೊಂದು ಹೊಡೆತ ಕೋರ್ಟಿನಿಂದ. 2015ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ದೆಹಲಿ ಸುತ್ತಮುತ್ತ 2000 ಸಿಸಿ ಮತ್ತು ಅದಕ್ಕಿಂತ ದೊಡ್ಡ ಡೀಸೆಲ್ ಕಾರುಗಳ ನೋಂದಣಿ ನಿಲ್ಲಿಸಿತು. ಬಿಡದಿಯ ಇನ್ನೋವಾಗೆ ನೇರ ಪೆಟ್ಟು. 2016ರ ಆಗಸ್ಟ್‌ನಲ್ಲಿ ಶೇಕಡಾ ಒಂದು ಸೆಸ್ ಹಾಕಿ ತೆರವು ಮಾಡಿದರು. ಅದೇ ತಿಂಗಳು ಕ್ರಿಸ್ಟಾಗೆ ಪೆಟ್ರೋಲ್ ಎಂಜಿನ್ನೂ ಬಂತು. ವಿಚಿತ್ರ ನೋಡಿ, ಅದೇ 2016ರಲ್ಲೇ ಜಿಗಣಿಯಲ್ಲಿ ಟೊಯೋಟಾ ಇಂಡಸ್ಟ್ರೀಸ್‌ನವರ ಕಾರ್ಖಾನೆ ಜಿಡಿ ಡೀಸೆಲ್ ಎಂಜಿನ್ ಮಾಡೋಕೆ ಶುರು ಮಾಡಿತ್ತು. ಟೊಯೋಟಾ ಇಂಡಸ್ಟ್ರೀಸ್ ಅಂದರೆ ಸಾಕಿಚಿ ಟೊಯೋಡಾ ಕಟ್ಟಿದ ಆ ಮಗ್ಗದ ಕಂಪನಿಯೇ. ಜವಳಿ ಯಂತ್ರಕ್ಕೆ ಅಂತ ಬಂದ ಊರಿನಲ್ಲೇ ಎಂಜಿನ್!

ಹೊಗೆಯ ವಿಷಯ ಬಿಟ್ಟು ಈ ಕತೆ ಹೇಳಿದರೆ ಅರ್ಧ ಸುಳ್ಳಾಗುತ್ತೆ. 2000ದಲ್ಲಿ ನಮ್ಮ ಡೀಸೆಲ್‌ನಲ್ಲಿ ಗಂಧಕ ದಶಲಕ್ಷಕ್ಕೆ 2500 ಭಾಗದವರೆಗೆ ಇರಬಹುದಿತ್ತು. ಬಿಎಸ್ 2ರಲ್ಲಿ 500, ಬಿಎಸ್ 3ರಲ್ಲಿ 350, ಬಿಎಸ್ 4ರಲ್ಲಿ 50. 2020ರ ಏಪ್ರಿಲ್‌ನಿಂದ ದೇಶಕ್ಕೆಲ್ಲ ಬಿಎಸ್ 6, ಬರೀ 10. ಇಪ್ಪತ್ತು ವರ್ಷದಲ್ಲಿ 250ರಲ್ಲಿ ಒಂದು ಪಾಲಿಗೆ ಇಳಿಯಿತು. ಗಂಧಕ ಇಳಿದ ಮೇಲೇ ಹೊಗೆಯ ಮಸಿ ಹಿಡಿಯೋ ಫಿಲ್ಟರನ್ನು ಕಾರಿಗೆ ಹಾಕೋದು ಸಾಧ್ಯವಾಯಿತು. ಆದರೆ ಆ ಖರ್ಚು ಸಣ್ಣ ಕಾರುಗಳಿಗೆ ಹೊರೆಯಾಯಿತು. ಮಾರುತಿಯವರು 2020ರಲ್ಲಿ ಡೀಸೆಲ್ಲನ್ನೇ ಬಿಟ್ಟರು, ಸ್ವಿಫ್ಟ್‌ನಿಂದ ಮನೆಮಾತಾಗಿದ್ದ ಫಿಯೆಟ್ ಮೂಲದ 1248 ಸಿಸಿ ಎಂಜಿನ್ ಅವರ ಕಾರುಗಳಿಂದ ಮರೆಯಾಯಿತು.

2022ರ ನವೆಂಬರ್ 25ರಂದು ಇನ್ನೋವಾ ಹೈಕ್ರಾಸ್ ಅನಾವರಣವಾಯಿತು. ಇನ್ನೋವಾ ಹೆಸರಿನಲ್ಲಿ ಡೀಸೆಲ್ಲೇ ಇಲ್ಲದ ಗಾಡಿ, ಪೆಟ್ರೋಲ್ ಮತ್ತು ಹೈಬ್ರಿಡ್ ಮಾತ್ರ. ಆ ಸಮಾರಂಭದಲ್ಲಿದ್ದ ವಿಕ್ರಮ್ ಕಿರ್ಲೋಸ್ಕರ್, ಲಕ್ಷ್ಮಣರಾಯರ ನಾಲ್ಕನೇ ತಲೆಮಾರು, ನಾಲ್ಕು ದಿನದ ಮೇಲೆ, ನವೆಂಬರ್ 29ರಂದು ಬೆಂಗಳೂರಿನಲ್ಲಿ ತೀರಿಕೊಂಡರು. 64 ವರ್ಷ. ನೇಗಿಲು, ಪಂಪ್‌ಸೆಟ್, ಕ್ವಾಲಿಸ್ ಅಂತ ಬಂದ ಒಂದು ದಾರಿ ಅಲ್ಲಿಗೆ ಒಂದು ತಿರುವು ತಗೊಂಡಿತು ಅನ್ನಿಸುತ್ತೆ. ಡೀಸೆಲ್ ಕ್ರಿಸ್ಟಾ 2023ರಲ್ಲಿ ಮತ್ತೆ ಬಂತು. ಟ್ರಾವೆಲ್ಸ್‌ನವರು ಬಿಡಲಿಲ್ಲ!

ನನಗೆ ಈ ಎಂಜಿನ್‌ಗಳ ಮೇಲೆ ಪ್ರೀತಿ ಇದೆ, ಅವುಗಳ ಹೊಗೆಯ ಮೇಲೆ ಇಲ್ಲ. ಒಂದು ಕೆಟ್ಟ ಇಂಜೆಕ್ಟರ್ ಇಟ್ಟುಕೊಂಡು ಓಡೋ ಹಳೇ ಡೀಸೆಲ್ ಗಾಡಿ, ಹಿಂದೆ ಸ್ಕೂಟರಿನಲ್ಲಿ ಮಗುವನ್ನು ಸ್ಕೂಲಿಗೆ ಬಿಡೋಕೆ ಹೋಗ್ತಿರೋ ತಾಯಿಯ ಮುಖಕ್ಕೆ ಮಸಿ ಉಗುಳುತ್ತೆ. ಅದೇ ಗಾಡಿಯನ್ನು ಸರಿಯಾಗಿಟ್ಟುಕೊಂಡರೆ ಮಸಿ ಬಹಳಷ್ಟು ಇಳಿಯುತ್ತೆ, ಹತ್ತಾರು ಜನರ ಅನ್ನವೂ ಉಳಿಯುತ್ತೆ. ಹಾಗಾಗಿ ಹಳೇ ಡೀಸೆಲ್ ಇಟ್ಟುಕೊಂಡವರಿಗೆ ಮೇಂಟೆನೆನ್ಸ್ ಅನ್ನೋದು ಜೇಬಿನ ಲೆಕ್ಕ ಮಾತ್ರ ಅಲ್ಲ, ಬೀದಿಯವರಿಗೆ ಕೊಡಬೇಕಾದ ಮರ್ಯಾದೆ ಕೂಡ.

ನಿಮ್ಮ ಮನೆಯಲ್ಲಿ, ಊರಿನಲ್ಲಿ ಹೀಗೆ ಲಕ್ಷಾಂತರ ಕಿಲೋಮೀಟರ್ ಓಡಿದ ಕ್ವಾಲಿಸ್, ಇನ್ನೋವಾ ಇದ್ದರೆ ಅದರ ಕತೆ ಬರೆಯಿರಿ. ಮೈಕೋದಲ್ಲಿ ಕೆಲಸ ಮಾಡಿದ ಅಪ್ಪ, ಮಾವ, ಅಜ್ಜ ಇದ್ದರಂತೂ ಕೂತು ಕೇಳಿ ಬರೆದಿಡಿ. ಕಾರ್ಖಾನೆಗಳ ಚರಿತ್ರೆ ಕಂಪನಿಯ ವಾರ್ಷಿಕ ವರದಿಯಲ್ಲಿ ಸಿಗುತ್ತೆ. ಲೇತಿನ ಮುಂದೆ ನಿಂತವರ ಚರಿತ್ರೆ ಸಿಗೋದು ಅವರು ಇರೋವರೆಗೆ ಮಾತ್ರ.